ಬೇಲಿ ಇಲ್ಲದ ಗೋಲು

ಸೋಲುವ ತಂಡವನ್ನು ಹಚ್ಚಿಕೊಂಡವನಿಗೆ ಆಘಾತಕ್ಕೆ ಬರವಿಲ್ಲ. ಇನ್ನು ಇದಕ್ಕಿಂತ ಕೆಟ್ಟದ್ದು ಆಗಲಿಕ್ಕಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಆಟಕ್ಕೆ ಹೋಗುತ್ತೇವೆ, ಸಂಜೆಗೆ ಅದಕ್ಕಿಂತ ಕೆಟ್ಟದ್ದನ್ನು ನೋಡಿ ತೆರೆದ ಬಾಯಿ ತೆರೆದ ಹಾಗೇ ಮನೆಗೆ ಬರುತ್ತೇವೆ. ನಮ್ಮ ಗೋಕಾಕದ ಫುಟ್ಬಾಲ್ ತಂಡ ನನ್ನನ್ನು ಹೀಗೆ ಎಷ್ಟು ಸಲ ಮನೆಗೆ ಕಳಿಸಿತೋ ದೇವರೇ ಬಲ್ಲ.

ಇದು ಎರಡನೆಯ ಮಹಾಯುದ್ಧಕ್ಕಿಂತ ಮುಂಚಿನ ಮಾತು. ನನ್ನದು ಪೇಟೆಯಲ್ಲಿ ಸಣ್ಣದೊಂದು ಸೈಕಲ್ ಅಂಗಡಿ. ನಮ್ಮೂರ ವಕೀಲರೊಬ್ಬರು ಬೆಳಗಾವಿಯ ಕ್ಯಾಂಪಿನಲ್ಲಿ ಗೋರಾ ಸಿಪಾಯಿಗಳು ಆಡುವುದನ್ನು ನೋಡಿ ಬಂದು ಒಂದು ತೊಗಲಿನ ಚೆಂಡು ತರಿಸಿದರು. ಚೆಂಡು ಅವರದು, ಆದ್ದರಿಂದ ಕ್ಯಾಪ್ಟನ್ನೂ ಅವರೇ. ಪಂಪು ನನ್ನದು, ಆದ್ದರಿಂದ ಚೆಂಡಿಗೆ ಗಾಳಿ ಹಾಕುವ ಕೆಲಸ ನನ್ನದು. ಆಟ ನಡೆದಾಗ ಪಂಪು ಹಿಡಿದುಕೊಂಡು ನಮ್ಮ ಗೋಲಿನ ಹಿಂದೆಯೇ ಕೂಡುತ್ತಿದ್ದೆ. ಚೆಂಡು ಹೆಚ್ಚಾಗಿ ಬರುತ್ತಿದ್ದುದು ಅಲ್ಲಿಗೇ.

ಆಡುತ್ತಿದ್ದ ಜಾಗ ಒಬ್ಬ ಜೈನ ಸಾವಕಾರರ ಬೀಳು ಹೊಲ. ಊರಿಗೆ ಈ ಕಡೆ ಹೊಳೆ, ಆ ಕಡೆ ಗುಡ್ಡ. ನಡುವೆ ಸಪಾಟಾಗಿ ಇದ್ದದ್ದು ಅದೊಂದೇ. ಎರಡು ವರ್ಷ ಸುಮ್ಮನೆ ನೋಡಿದ ಸಾವಕಾರರು ಒಂದು ಬೇಸಿಗೆಯಲ್ಲಿ ನಮ್ಮನ್ನು ಕರೆದು ಕಡ್ಡಿ ಮುರಿದಂತೆ ಹೇಳಿಬಿಟ್ಟರು.

"ನೋಡ್ರೆಪಾ, ರೋಹಿಣಿ ಮಳಿ ಬೀಳೂದ್ರಾಗ ಒಂದರ ಆಟ ಗೆದ್ದು ತೋರಸ್ರಿ. ಗೆದ್ರ ಹೊಲಾ ಆಟಕ್ಕ ಬಿಟ್ಟುಕೊಡ್ತೇನಿ. ಇಲ್ಲಾಂದ್ರ ಗಳೆ ಹೂಡಿ ಶೇಂಗಾ ಬಿತ್ತತೇನಿ. ಶೇಂಗಾ ಅಂತೂ ಹಿಂಗ ದಿನಾ ಸೋಲಾಂಗಿಲ್ಲ."

ಒಂದೇ ಒಂದು ಗೆಲುವು. ಇಷ್ಟು ಸಣ್ಣದನ್ನು ಕೇಳಿದ್ದಾರಲ್ಲ ಎಂದು ನಾವು ನಕ್ಕೆವು. ಆಮೇಲೆ ನಗೆ ಬರಲಿಲ್ಲ.

ಕಾಲು ತಗಲಿದರೆ

ಆ ಬೇಸಿಗೆಯ ಮೊದಲನೆಯ ಆಟ ಮೂಡಲಗಿಯವರ ಕೂಡ. ನಮ್ಮ ಎಡಗಡೆಯ ಬ್ಯಾಕ್ ಕಿರಾಣಿ ಅಂಗಡಿಯ ಹುಡುಗ, ಲಿಂಗಪೂಜೆ ಮಾಡದೆ ನೀರು ಕುಡಿಯದ ಮನೆತನದವ. ಗಾಳಿಯಂತೆ ಓಡುತ್ತಿದ್ದ. ಈ ಒಬ್ಬನಾದರೂ ನಮ್ಮ ಗೋಲಿಗೆ ಬೇಲಿಯಾಗಿದ್ದಾನೆ ಎಂದು ನನಗೆ ಧೈರ್ಯವಿತ್ತು.

ಮೂಡಲಗಿಯವನೊಬ್ಬ ಚೆಂಡು ಹೊಡೆದುಕೊಂಡು ಬಂದ. ನಮ್ಮ ಹುಡುಗ ಅಡ್ಡ ಹೋದ. ಕಾಲಿಗೆ ಕಾಲು ತಗಲಿತು. ತಗಲಿದ್ದೇ ತಡ, ನಮ್ಮವನು ಗಕ್ಕನೆ ನಿಂತು, ಬಗ್ಗಿ, ಅವನ ಭುಜ ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡ. "ತಪ್ಪಾತ್ರಿ, ಕಾಲು ತಗಲಿತು" ಅಂದ.

ಮೂಡಲಗಿಯವನೂ ದೊಡ್ಡವರ ಮನೆಯ ಮಗನೇ. ಅವನೂ ನಿಂತು, "ಇರಲಿ ಬಿಡ್ರಿ, ನಂದೂ ತಗಲಿತು" ಎಂದು ತಿರುಗಿ ಕೈ ಮುಗಿದ. ಇವರಿಬ್ಬರ ಉಪಚಾರ ನಡೆದಿರುವಾಗ ಹಿಂದಿನಿಂದ ಬಂದ ಮೂರನೆಯವನು ಯಾರಿಗೂ ಕೈ ಮುಗಿಯದೆ ಚೆಂಡನ್ನು ಗೋಲಿನೊಳಗೆ ಹೊಡೆದ.

ಮೂಡಲಗಿಯವರು ದಡ್ಡರಲ್ಲ. ಆಮೇಲೆ ಬಂದವರೆಲ್ಲ ಮೊದಲು ಇವನ ಕಾಲಿಗೆ ಸ್ವಲ್ಪ ಕಾಲು ತಾಗಿಸುವುದು, ಇವನು ನಿಂತು ನಮಸ್ಕಾರ ಮಾಡುವುದು, ಅವರು ಗೋಲ್ ಹೊಡೆಯುವುದು. ಅರ್ಧ ಆಟಕ್ಕೆ ನಾನೇ ಹೋಗಿ ಕೇಳಿದೆ.

"ತಮ್ಮಾ, ನಮಸ್ಕಾರ ಎಲ್ಲಾ ಕೂಡೇ ಕಡೀಕ ಒಮ್ಮೆ ಮಾಡಿದ್ರ ನಡಿಯೂದಿಲ್ಲೇನೋ?"

"ಹೆಂಗ ನಡೀತೈತ್ರಿ ಕಾಕಾ? ಅಷ್ಟೂ ಮಂದಿ ಮಾರಿ ಕಡೀತನಕ ನೆನಪ ಇಟ್ಕೊಳ್ಳಾಕ ಆಗತೈತೇನ್ರಿ?"

ಆರು ಗೋಲಿನಿಂದ ಸೋತೆವು. ನಮ್ಮೂರ ಮಂದಿ ಅವನನ್ನು ಬಾಯಿಗೆ ಬಂದಂತೆ ಬೈಯುತ್ತ ಬಂದರು. ಆದರೆ ಮೂಡಲಗಿಯಿಂದ ಆಟ ನೋಡಲು ಬಂದಿದ್ದ ಒಬ್ಬ ಗೌಡರು ಬೈಯಲಿಲ್ಲ. ಇಷ್ಟು ಸಂಸ್ಕಾರದ ಹುಡುಗ ಈ ಕಾಲದಲ್ಲಿ ಎಲ್ಲಿ ಸಿಗುತ್ತಾನೆ ಎಂದು ಮರುದಿನವೇ ಚಕ್ಕಡಿ ಕಟ್ಟಿಸಿಕೊಂಡು ಬಂದು ಅವನಿಗೆ ಮಗಳನ್ನು ಕೊಡುವುದಾಗಿ ಮಾತು ಕೊಟ್ಟು ಹೋದರು.

ಚಿತ್ತಾದವನು ಯಾರು?

ಇಷ್ಟಾದ ಮೇಲೆ ಊರ ಹಿರಿಯರು, "ಬ್ಯಾಕ್ ಹೆಂಗರ ಇರ್ಲಿ, ಗೋಲ್ ಕಾಯಾಕ ಗಟ್ಟಿ ಆಳು ಬೇಕು" ಎಂದು ತೀರ್ಮಾನಿಸಿ ಅಂಕಲಗಿಯಿಂದ ಒಬ್ಬ ಪೈಲ್ವಾನನನ್ನು ಕರೆತಂದರು. ಎಂಥ ಆಳು ಅಂತೀರಿ? ಎರಡು ಕಂಬದ ನಡುವೆ ಅವನು ನಿಂತರೆ ಹಿಂದೆ ಕೂತ ನನಗೆ ಆಟವೇ ಕಾಣುತ್ತಿರಲಿಲ್ಲ. ಅಷ್ಟು ಅಗಲ. ಸಂಕೇಶ್ವರದವರ ಜೊತೆಗಿನ ಮುಂದಿನ ಆಟ ಗೆದ್ದಂತೆಯೇ ಎಂದು ನಾನು ಅಂಗಡಿಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಸಂಕೇಶ್ವರದ ಹುಡುಗನೊಬ್ಬ ನಮ್ಮ ಬ್ಯಾಕುಗಳನ್ನು ದಾಟಿ ಒಬ್ಬನೇ ಬಂದ. ದಾಟುವುದೇನು ಕಷ್ಟವಿರಲಿಲ್ಲ, ಒಬ್ಬ ನಮಸ್ಕಾರ ಮಾಡುತ್ತಿದ್ದ, ಇನ್ನೊಬ್ಬ ಧೋತರದ ಕಚ್ಚೆ ಕಟ್ಟಿಕೊಳ್ಳುತ್ತಿದ್ದ. ಪೈಲ್ವಾನ ಮುಂದೆ ಬಂದ. ಚೆಂಡಿನ ಕಡೆ ನೋಡಲೇ ಇಲ್ಲ. ಹುಡುಗನ ಕಣ್ಣಲ್ಲಿ ಕಣ್ಣಿಟ್ಟು, ನೆಲದ ಮಣ್ಣು ತೆಗೆದು ಮೈಗೆ ತಿಕ್ಕಿಕೊಂಡು, ಫಡ್ ಎಂದು ತೊಡೆ ತಟ್ಟಿದ.

ಆ ಹುಡುಗ ಹೆದರಿ ಚೆಂಡು ಬಿಟ್ಟು ನಿಂತ. ಪೈಲ್ವಾನ ಅವನ ಸೊಂಟಕ್ಕೆ ಕೈ ಹಾಕಿ, ಮೇಲಕ್ಕೆತ್ತಿ, ಒಂದು ಸುತ್ತು ತಿರುಗಿಸಿ ಬೆನ್ನ ಮೇಲೆ ಕೆಡವಿ ಎದೆಯ ಮೇಲೆ ಕೂತ. ಅಷ್ಟರಲ್ಲಿ ಚೆಂಡು ತನ್ನ ಪಾಡಿಗೆ ತಾನು ಉರುಳುತ್ತ, ಅವರಿಬ್ಬರ ಬಾಜೂಕ್ಕೆ ಹಾದು, ಗೆರೆ ದಾಟಿ ನನ್ನ ಪಂಪಿನ ಹತ್ತಿರ ಬಂದು ನಿಂತಿತು. ಹಿಡಿಯಿರೋ ಎಂದು ನಾನು ಕೂಗುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು.

ರೆಫ್ರಿ ಒಬ್ಬ ನಿವೃತ್ತ ಹವಾಲ್ದಾರ. ಸೀಟಿ ಊದಿ, ಗೋಲ್ ಎಂದು ಕೈ ತೋರಿಸಿದ. ಆದರೆ ಮಂದಿಗೆ ಅದು ಎಲ್ಲಿಯ ಲೆಕ್ಕ? ನಮ್ಮ ಸೀಮೆಯವರಿಗೆ ಗೋಲ್ ಹೊಸದು, ಕುಸ್ತಿ ರಕ್ತದಲ್ಲೇ ಇದೆ. ಹಲಗಿ ಬಡಿದರು. ಸಂಕೇಶ್ವರದಿಂದ ಬಂದವರೇ ಓಡಿ ಬಂದು ಪೈಲ್ವಾನನ ತಲೆಗೆ ರುಮಾಲು ಸುತ್ತಿ ಹೆಗಲ ಮೇಲೆ ಹೊತ್ತು ಕುಣಿದರು. ಸೋತವರನ್ನು ಗೆದ್ದವರು ಹೊತ್ತು ಮೆರೆಸಿದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಕ್ಯಾಪ್ಟನ್ ವಕೀಲರು ಬಂದು, "ಪೈಲ್ವಾನ, ಚೆಂಡು ಯಾಕ ಹಿಡೀಲಿಲ್ಲ?" ಎಂದರು.

ಪೈಲ್ವಾನ ಹೆಗಲ ಮೇಲಿಂದಲೇ ಉತ್ತರ ಕೊಟ್ಟ: "ಹಿಡಿದು ಏನ್ಮಾಡ್ಲಿ ಸಾಹೇಬ್ರ? ಚಿತ್ ಮಾಡಾಕ ಚೆಂಡಿಗೆ ಬೆನ್ನರ ಎಲ್ಲೈತಿ?"

ಮುಂದಿನ ತಾರೀಖು

ಈಗ ವಕೀಲರ ಮಾತಿಗೆ ಬರೋಣ. ತಂಡ ಹೀಗಿರುವಾಗ ನಾಯಕನಾದವನು ಏನು ಮಾಡಬೇಕು? ಓಡಬೇಕು, ಕೂಗಬೇಕು, ಹಿಂದೆ ಬಂದು ಗೋಲಿಗೆ ಅಡ್ಡ ನಿಲ್ಲಬೇಕು. ನಮ್ಮ ವಕೀಲರು ಇದಾವುದನ್ನೂ ಮಾಡುತ್ತಿರಲಿಲ್ಲ. ನಮ್ಮ ಮೇಲೆ ಗೋಲಾದ ಕೂಡಲೇ ಸಾವಕಾಶವಾಗಿ ನಡೆದು ರೆಫ್ರಿಯ ಮುಂದೆ ನಿಂತು, ಅಂಗಿಯ ಕಾಲರು ಸರಿ ಮಾಡಿಕೊಂಡು, "ನನ್ನದೊಂದು ತಕರಾರೈತಿ" ಎಂದು ಶುರು ಮಾಡುತ್ತಿದ್ದರು.

ಸಂಕೇಶ್ವರದವರ ಮೂರನೆಯ ಗೋಲಿನ ಮೇಲೆ ವಾದ ಜೋರಾಗಿ ನಡೆದಿತ್ತು. ಹವಾಲ್ದಾರ ಸೋತು ಸೀಟಿ ಊದಿ ಆಟ ಮುಂದುವರಿಸಿದ. ವಕೀಲರು ಮುಂದುವರಿಸಿದ್ದು ವಾದವನ್ನು. ಅವರ ಬೆನ್ನ ಹಿಂದೆ ನಾಲ್ಕನೆಯದೂ ಆಯಿತು. ನಾನು ಕೈಯಲ್ಲಿದ್ದ ಪಂಪು ಎತ್ತಿ, "ಸಾಹೇಬ್ರ, ಹಿಂದ ಹೊಳ್ಳಿ ನೋಡ್ರಿ, ಮತ್ತೊಂದು ಹೊಕ್ಕಿತು" ಎಂದೆ. ಅವರು ತಿರುಗಿಯೂ ನೋಡದೆ, "ಒಂದೊಂದಾಗಿ ಬರ್ಲಿ, ಮೊದಲ ಮೂರನೇದ್ದು ಮುಗೀಲಿ" ಎಂದರು.

ಅರ್ಧ ಆಟ ಮುಗಿದಾಗ ಅವರು ಹವಾಲ್ದಾರನಿಗೆ ಹೇಳಿದ ಮಾತು ಇದು: "ನಮ್ಮ ಕಡೀಯವರ ತಯಾರಿ ಸಾಲದು. ಉಳಿದ ಅರ್ಧಕ್ಕ ಮುಂದಿನ ತಾರೀಖು ಕೊಡ್ರಿ."

"ತಾರೀಖು ಕೊಡಾಕ ಇದು ನಿಮ್ಮ ಕೋರ್ಟ್ ಅಲ್ರಿ" ಎಂದು ಹವಾಲ್ದಾರ ಸೀಟಿ ಊದಿದ.

ಆ ದಿನ ಸೋತ ಸಿಟ್ಟಿಗೆ ಊರ ಮಂದಿ ವಕೀಲರನ್ನು ದಾರಿಯಲ್ಲೇ ತಡೆದು ನಿಂತರು. ಮಳೆಗೆ ಹೆಚ್ಚು ದಿನ ಉಳಿದಿರಲಿಲ್ಲ, ಹೊಲ ಕೈ ಬಿಡುತ್ತಿತ್ತು. ಒಬ್ಬರು ಮುಂದೆ ಬಂದು ಕ್ಯಾಪ್ಟನ್ ಕೆಲಸ ಬಿಡ್ರಿ ಎಂದೇ ಕೇಳಿದರು. ವಕೀಲರು ಬೇಜಾರು ಮಾಡಿಕೊಳ್ಳಲಿಲ್ಲ. ಕೂಡಲೇ ಬಿಟ್ಟರು. ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋದರು. ಹೊಸ ಕ್ಯಾಪ್ಟನ್ ಪೈಲ್ವಾನ ಚೆಂಡಿಲ್ಲದೆ ಎರಡು ದಿನ ಉಳಿದ ಆಟಗಾರರನ್ನೆಲ್ಲ ಹೊಲದಲ್ಲಿ ನಿಲ್ಲಿಸಿ ಬಸ್ಕಿ ಹೊಡೆಸಿದ. ಮೂರನೆಯ ದಿನ, ದಾರಿ ತಡೆದಿದ್ದ ಅದೇ ಊರ ಮಂದಿ ವಕೀಲರ ಮನೆಯ ಕಟ್ಟೆಗೆ ಬಂದು ಕೈ ಕಟ್ಟಿ ನಿಂತರು. ವಕೀಲರು ದೊಡ್ಡ ಮನಸ್ಸು ಮಾಡಿ ಹೇಳಿದರು:

"ಹೆದರಬ್ಯಾಡ್ರಿ. ನಾವು ಸೋತದ್ದು ಕೆಳಗಿನ ಕೋರ್ಟಿನಾಗಷ್ಟ."

ಮಂದಿಯಲ್ಲಿದ್ದ ವಕೀಲರ ಇಬ್ಬರು ಹಳೆಯ ಕಕ್ಷಿದಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೇಸಿನಲ್ಲಿ ಅವರ ಹೊಲ ಹೋದ ದಿನವೂ ವಕೀಲರು ಇದನ್ನೇ ಹೇಳಿದ್ದರಂತೆ.

ಹುಕ್ಕೇರಿಯವರು ಬಂದ ದಿನ

ಕಡೆಯ ಆಟ ಹುಕ್ಕೇರಿಯವರ ಕೂಡ. ಆಕಾಶದಲ್ಲಿ ಮೋಡ ಕಟ್ಟಿತ್ತು. ಪಂಪು ಹಿಡಿದುಕೊಂಡು ಹೊಲಕ್ಕೆ ಹೋದವನು ಬದುವಿನ ಮೇಲೇ ನಿಂತುಬಿಟ್ಟೆ. ಸಾವಕಾರರು ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅವರ ಬಾಜೂದಲ್ಲಿ ಆಳುಮನುಷ್ಯ. ಅವನ ಬಾಜೂದಲ್ಲಿ ನೊಗ ಹೊತ್ತು ನಿಂತ ಜೋಡೆತ್ತು, ಹಿಂದೆ ನೇಗಿಲು.

"ಸಾವಕಾರ್ರ, ಆಟ ಇನ್ನೂ ಸುರು ಆಗಿಲ್ರಿ" ಎಂದೆ.

"ನಿಮ್ಮ ಆಟ ನೋಡೇನಿ. ಎತ್ತು ಮತ್ತೊಮ್ಮೆ ಮನಿಗೆ ಹೋಗಿ ಬರೂದು ಯಾಕ?" ಎಂದರು.

ಅದರ ಮೇಲೆ ವಕೀಲರ ಕೇಸು ತಡವಾಗಿ ಮುಗಿದು ಆಟ ಶುರುವಾಗಿದ್ದೂ ತಡ. ಹುಕ್ಕೇರಿಯವರು ಹೊಡೆದ ಹೊಡೆತವೆಲ್ಲ ಕಂಬಕ್ಕೆ ತಾಗಿತು, ಪೈಲ್ವಾನನ ಹೊಟ್ಟೆಗೆ ತಾಗಿತು, ಒಮ್ಮೆ ಬಗ್ಗಿ ನಮಸ್ಕಾರ ಮಾಡುತ್ತಿದ್ದ ಬ್ಯಾಕಿನ ತಲೆಗೂ ತಾಗಿ ಹೊರಗೆ ಹೋಯಿತು. ಒಳಗೆ ಮಾತ್ರ ಹೋಗಲಿಲ್ಲ. ಯಾವ ದೇವರು ಕಾಯುತ್ತಿದ್ದಾನೋ ತಿಳಿಯದೆ ನಾನು ಎಲ್ಲ ದೇವರಿಗೂ ಹರಕೆ ಹೊತ್ತೆ.

ಹೊತ್ತು ಇಳಿಯತೊಡಗಿದಾಗ ವಕೀಲರು ಹುಕ್ಕೇರಿಯವರ ಗೋಲಿನ ಮುಂದೆ ಹವಾಲ್ದಾರನನ್ನು ಹಿಡಿದು ಯಾವುದೋ ತಕರಾರು ಶುರು ಮಾಡಿದ್ದರು. ಚೆಂಡಿನ ಕಡೆ ಬೆನ್ನು. ನಮ್ಮವನೊಬ್ಬ ಎಲ್ಲಿಂದಲೋ ಒದ್ದ ಚೆಂಡು ಬಂದು ಅವರ ಬೆನ್ನಿಗೆ ಬಡಿದು, ಪುಟಿದು, ಗೋಲಿನೊಳಗೆ ಹೋಯಿತು.

ಇಡೀ ಹೊಲ ಗಪ್ಪಾಯಿತು. ನಮ್ಮ ತಂಡ ಗೋಲ್ ಹೊಡೆದರೆ ಏನು ಮಾಡಬೇಕೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಹವಾಲ್ದಾರ ಸೀಟಿ ಊದಿ ಗೋಲ್ ಎಂದ. ವಕೀಲರು ರೂಢಿಯಂತೆ ಕೈ ಎತ್ತಿ, "ಇದು ಗೋಲ್ ಅಲ್ರಿ, ನನ್ನ ಪೂರಾ ತಕರಾರೈತಿ" ಎಂದು ವಾದಕ್ಕೆ ನಿಂತರು. ಮೂರು ಕಾರಣ ಕೊಡುವಷ್ಟರಲ್ಲಿ ಪೈಲ್ವಾನ ಆ ತುದಿಯಿಂದ ಈ ತುದಿಗೆ ಓಡಿ ಬಂದು ಅವರ ಬಾಯಿಗೆ ಕೈ ಮುಚ್ಚಿ ಎತ್ತಿಕೊಂಡು ಹೋದ.

ಅಷ್ಟರಲ್ಲಿ ಸಾವಕಾರರ ಮನೆಯಿಂದ ಹೇಳಿ ಕಳಿಸಿದರು, ಹೊತ್ತು ಮುಳುಗಲಿಕ್ಕೆ ಬಂತು, ಊಟಕ್ಕೆ ಏಳಬೇಕು ಎಂದು. ಜೈನರ ಮನೆ, ಸೂರ್ಯ ಮುಳುಗಿದ ಮೇಲೆ ಒಂದು ಅಗುಳು ಬಾಯಿಗೆ ಹಾಕುವುದಿಲ್ಲ. ಸಾವಕಾರರು ಎದ್ದು ಆಳಿಗೆ, "ಎತ್ತು ಬಿಚ್ಚಪಾ. ಗೆದ್ರು ಇವರು" ಎಂದು ಹೇಳಿ ಮನೆಯ ಕಡೆ ನಡೆದರು. ಎತ್ತುಗಳೂ ಹೋದವು. ನನಗೆ ಕಣ್ಣಲ್ಲಿ ನೀರು ಬಂತು.

ಅವರು ಊರ ಬಾಗಿಲ ಅಗಸಿ ದಾಟಿದರೋ ಇಲ್ಲವೋ, ಹುಕ್ಕೇರಿಯವರು ಒಂದು ಹೊಡೆದರು. ಅದನ್ನು ನೋಡಿ ದಂಗಾಗಿ ನಿಂತ ನಮ್ಮವರು ಹಾಗೇ ನಿಂತಿರುವಾಗ ಇನ್ನೊಂದು. ಕತ್ತಲಾಗಿ ಚೆಂಡು ಕಾಣದಂತಾಗುವ ಹೊತ್ತಿಗೆ ನಾಲ್ಕು. ನಾವು ಸೋತು, ಉಸಿರೆತ್ತದೆ ಮನೆ ಸೇರಿದೆವು.

ಬೆಳಗಾದರೆ ನನಗೂ ವಕೀಲರಿಗೂ ಸಾವಕಾರರ ಅಂಗಡಿಯಿಂದ ಕರೆ. ಗಾದಿಯ ಮೇಲೆ ಕೂತವರು ತಲೆ ಎತ್ತದೆ ಕೇಳಿದರು.

"ನಿನ್ನೆ ನಾ ಎದ್ದು ಬಂದ ಮ್ಯಾಲ ಭಾಳ ಗದ್ದಲ ಕೇಳ್ತು. ಏನ್ರಿ ಅದು?"

ಜೀವಮಾನದಲ್ಲಿ ಮೊದಲ ಸಲ ವಕೀಲರ ಬಾಯಿ ಕಟ್ಟಿತು. ನಾನೇ ಹೇಳಿದೆ: "ಖರೆ ಹೇಳ್ತೇನ್ರಿ ಸಾವಕಾರ್ರ. ನಾಕು ಗೋಲ್ ಹೋದುವ್ರಿ."

ಸಾವಕಾರರು ತಿರುಗಿ ಬಾಗಿಲಾಚೆ ನೋಡಿದರು. ಹೊರಗೆ ಮಳೆಯ ದೊಡ್ಡ ದೊಡ್ಡ ಹನಿ ಬೀಳತೊಡಗಿದ್ದವು. ಶೇಂಗಾ ಬೀಜದ ಚೀಲಗಳು ಅಲ್ಲೇ ಮೂಲೆಯಲ್ಲಿ ಕಾಣುತ್ತಿದ್ದವು. ಹೊಲ ಹೋಯಿತು ಎಂದುಕೊಂಡು ನಾನು ಎದ್ದು ನಿಂತೆ.

"ಕೂಡ್ರಿ" ಎಂದರು ಸಾವಕಾರರು. "ಹೊತ್ತು ಮುಳುಗಿದ ಮ್ಯಾಲ ನಮ್ಮ ಮನಿಯಾಗ ಊಟದ ಲೆಕ್ಕ ಇಲ್ಲ, ಗೋಲಿನ ಲೆಕ್ಕ ಎಲ್ಲಿಂದ ಬರಬೇಕು? ಹೊಲಾ ನಿಮ್ಮದು. ಇನ್ನ ಮ್ಯಾಲ ಆಟಾ ಇದಕಿಂತಾ ತಡಾ ಮಾಡಿ ಸುರು ಮಾಡ್ರಿ. ನಾ ಊಟಕ್ಕ ಏಳೂತನಕ ಹೆಂಗರ ಮಾಡಿ ತಡೀರಿ. ಆಮ್ಯಾಲ ನಿಮಗ ತಿಳಿದಷ್ಟು ಸೋಲ್ರಿ."