ಅತ್ತೆಗೆ ಬೇಕಾದ ಕೆಂಪು ಮಸಿ

ಹೊಗಳಿದರೆ ಜಗಳಕ್ಕೆ ಬರುವವರನ್ನು ನೀವು ನೋಡಿದ್ದೀರಾ? ನಾನು ಅಂಥವರ ಕೈಯ ರೊಟ್ಟಿ ತಿಂದೇ ಬೆಳೆದವನು. ನಮ್ಮ ಸೋದರತ್ತೆಗೆ ಒಮ್ಮೆ "ಭಾಳ ಚಲೋ ಮಾಡೀದಿ" ಅಂದು ನೋಡಿ. ಆಮೇಲೆ ಆ ಮನೆಯಲ್ಲಿ ನಿಮಗೊಂದು ಕಪ್ ಚಹಾ ಸಿಕ್ಕರೆ ನನ್ನನ್ನು ಕೇಳಿ!

ಹೂವಿನ ಹಿಪ್ಪರಗಿಯ ನಮ್ಮ ಮನೆಯಲ್ಲಿ ಅಕ್ಷರ ಬಲ್ಲವರು ಯಾರೂ ಇರಲಿಲ್ಲ. ಅಪ್ಪ, ಅವ್ವ ಹೊಲಕ್ಕೆ ಹೋದರೆ ನನ್ನನ್ನು ಓದಲು ಕೂರಿಸುತ್ತಿದ್ದವಳು ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಈ ಅತ್ತೆ. ನಾನು ಬಳಪ ಹಿಡಿದು ಅ, ಆ ತಿದ್ದುವಾಗ ಪಾಟಿ ಜಾರದಂತೆ ಅದರ ಮೂಲೆ ಒತ್ತಿ ಹಿಡಿಯುತ್ತಿದ್ದಳು. ಮುಂದೆ ನೋಟುಬುಕ್ಕುಗಳು ಬಂದ ಮೇಲೆ ಅವುಗಳ ತಪಾಸಣೆಯೂ ಅವಳದೇ. ಓದಲು ಬಾರದವಳು ತಪಾಸಣೆ ಹೇಗೆ ಮಾಡುತ್ತಿದ್ದಳು? ಕೆಂಪು ಮಸಿ ನೋಡಿ! ಯಾವ ಪುಟದಲ್ಲಿ ಹೆಚ್ಚು ಕೆಂಪೋ ಅದೇ ಉತ್ತಮ ಪುಟ. ಆ ಪ್ರಕಾರ ಗಣಿತದಲ್ಲಿ ನನ್ನಂಥ ಜಾಣ ಇಡೀ ತಾಲ್ಲೂಕಿನಲ್ಲಿ ಇರಲಿಲ್ಲ. ಕನ್ನಡದ ಪುಟಗಳು ಬೋಳಾಗಿದ್ದುದಕ್ಕೆ ಮಾತ್ರ ಬೈಸಿಕೊಳ್ಳುತ್ತಿದ್ದೆ.

"ಮಾಸ್ತರು ಇಷ್ಟು ಮಸಿ ಯಾರಿಗಿ ಖರ್ಚ ಮಾಡ್ತಾರ? ಇವ್ರು ಮುಂದ ಬರ್ತಾರ ಅಂತ ಅನ್ನಿಸಿದವ್ರಿಗೆ!" ಅನ್ನುತ್ತಿದ್ದಳು.

ಮುಂದೆ ಬಂದೆ. ಬಿಜಾಪುರದ ಹಾಸ್ಟೆಲಿನ ನೀರುಸಾರು ಉಂಡು, ಇದ್ದ ಅಂಗಿಯನ್ನೇ ಒಗೆದೊಗೆದು ಹಾಕಿಕೊಂಡು ಬಿ.ಎ. ಮುಗಿಸಿದೆ. ನಮ್ಮ ಮನೆತನದಲ್ಲಿ ನಾನೇ ಮೊದಲ ಪದವೀಧರ. ಇದನ್ನು ಸಣ್ಣ ದನಿಯಲ್ಲಿ ಹೇಳುವ ಅಭ್ಯಾಸ ನನಗಿಲ್ಲ. ಎಪ್ಪತ್ತರ ದಶಕದಲ್ಲಿ ಮುದ್ದೇಬಿಹಾಳದ ಒಂದು ಹೈಸ್ಕೂಲಿನಲ್ಲಿ ಮಾಸ್ತರನಾಗಿ ಬಾಡಿಗೆ ಮನೆ ಹಿಡಿದೆ. ರೊಟ್ಟಿ ಬಡಿಯಲು ಅತ್ತೆ ಬಂದಳು.

ಒಂದು ದಿನ ನಮ್ಮ ಡ್ರಾಯಿಂಗ್ ಮಾಸ್ತರರು ಹುಡುಗರ ಅಭ್ಯಾಸದ ಹಾಳೆಗಳನ್ನು ಶಾಲೆಯಲ್ಲಿ ನನ್ನ ಮೇಜಿನ ಮೇಲೆ ಮರೆತು ಹೋದರು. ನಾನು ಅವನ್ನು ಮನೆಗೆ ತಂದಿಟ್ಟೆ. ನೆಟ್ಟನೆ ಗೆರೆ, ಅಡ್ಡ ಗೆರೆ, ವೃತ್ತದ ದುಂಡು, ಕೊಡದ ಚಿತ್ರ. ಎಲ್ಲದರ ಮೇಲೂ ಕೆಂಪೋ ಕೆಂಪು. ಅತ್ತೆಯ ಕಣ್ಣು ಅಲ್ಲೇ ನಿಂತಿತು.

"ಇದನ್ನ ನಾನೂ ಮಾಡ್ತೇನಿ."

"ಮೊದಲ ಅಕ್ಷರ ಕಲಿ, ಅತ್ತಿ."

"ಅಕ್ಷರಕ್ಕ ನೀ ಅದಿಯಲ್ಲ, ಮನಿಗೊಬ್ರು ಸಾಕು. ಗೆರಿ ಹೊಡಿಯಾಕ ನಿನಗೂ ಬರಂಗಿಲ್ಲ."

ನಿಜವೇ ಆಗಿತ್ತು.

ಅಂದಿನಿಂದ ಹಿಟ್ಟಿನ ಡಬ್ಬಿಯ ಮೇಲೆ ಹಾಳೆ, ಸೆರಗಿನ ಗಂಟಿನಲ್ಲಿ ಪೆನ್ಸಿಲು. ಗೆರೆ ಹೊಡೆಯುವುದು, ಸಿಕ್ಕವರಿಗೆ ತೋರಿಸುವುದು. ಹಾಲಿನವನು ಚಲೋ ಐತಿ ಅಂದ. ಪಕ್ಕದ ಮನೆಯಾಕೆ ಚಲೋ ಐತಿ ಅಂದಳು. ಮನೆಯಲ್ಲಿ ಪದವೀಧರ ನಾನಿದ್ದೇನಲ್ಲ, ಪೇಪರು ತಿದ್ದುತ್ತ ಕುಳಿತಿದ್ದವನು ತಲೆ ಎತ್ತಿ ಪ್ರೀತಿಯಿಂದಲೇ ಅಂದೆ: "ಭಾಳ ಚಲೋ ಐತಿ."

"ಕೈಯಾಗ ಕೆಂಪು ಪೆನ್ನು ಐತಿ, ನನ್ನ ಹಾಳಿಗಿ ಒಂದು ಚುಕ್ಕಿ ಇಡಲಿಲ್ಲ! ಏನ್ ಬಿ.ಎ. ಓದಿದ್ಯೋ!" ಆ ದಿನ ಮಧ್ಯಾಹ್ನ ಸಾರಿಗೆ ಉಪ್ಪಿರಲಿಲ್ಲ.

ಊರಿಗೆ ಹೋಗುವ ಬಸ್ಸಿನಲ್ಲಂತೂ ಕಂಡಕ್ಟರನಿಗೆ ಗ್ರಹಚಾರ. ಟಿಕೀಟು ಕೇಳಲು ಬಂದವನಿಗೆ ಹಾಳೆ ಹಿಡಿದಳು.

"ಈ ಗೆರಿ ಎಲ್ಲೆ ಸೊಟ್ಟ ಐತಿ ಹೇಳು."

"ಎಲ್ಲೂ ಸೊಟ್ಟ ಇಲ್ರಿ ಅವ್ವಾರ, ಭಾಳ ನೆಟ್ಟಗ ಐತ್ರಿ."

"ಈಗ ನಿನ್ನ ಬಸ್ಸಿನ್ಯಾಗ ಕುಂತು ಹೊಡದೇನಿ! ತೆಗ್ಗು ಬಂದಾಗೆಲ್ಲಾ ಕೈ ಹಾರೇತಿ! ನೆಟ್ಟಗ ಹೆಂಗಿರ್ತೈತಿ? ಸುಳ್ಳ ಹೇಳ್ತಿ!"

ಕಂಡಕ್ಟರ ಮುಂದಿನ ಬಾಗಿಲಿಗೆ ಹೋದವನು ನಮ್ಮೂರು ಬರುವತನಕ ಹಿಂದೆ ಬರಲಿಲ್ಲ. ನಮ್ಮ ಟಿಕೀಟನ್ನು ನಾನೇ ಹೋಗಿ ಹರಿಸಿಕೊಂಡು ಬಂದೆ.

ಕೊನೆಗೆ ಡ್ರಾಯಿಂಗ್ ಮಾಸ್ತರರೇ ಮನೆಗೆ ಬಂದರು. ತರುಣ, ಬಲು ಮರ್ಯಾದಸ್ಥ. ಹಾಳೆಗಳನ್ನು ನೋಡಿ ಕೈಮುಗಿದು, "ಭಾಳ ಚಲೋ ಅದಾವ್ರಿ ಅವ್ವಾರ" ಅಂದರು. ನಾನು ಕಣ್ಣು ಮುಚ್ಚಿಕೊಂಡೆ.

"ಸಾಲ್ಯಾಗ ಹುಡುಗ್ರಿಗೂ ಹಿಂಗ ಅಂತೀರೇನು?"

"ಇಲ್ರೀ, ಅವ್ರಿಗೆ ಕಿವಿ ಹಿಂಡ್ತೇನ್ರಿ."

ಅತ್ತೆ ಸೆರಗು ಸರಿಸಿ ಕಿವಿ ಮುಂದೆ ಮಾಡಿದಳು!

ಮಾಸ್ತರರು ಬೆವರು ಒರೆಸಿಕೊಂಡು, "ಒಂದು ದುಂಡು ತೆಗದು ತೋರಿಸ್ರಿ, ನೋಡೂಣು" ಅಂದರು. ಅತ್ತೆ ಕೂತಳು. ಪೆನ್ಸಿಲನ್ನು ಒಂದೆಡೆ ಊರಿ, ಎಡಗೈಯಿಂದ ಹಾಳೆಯನ್ನೇ ಗರಗರ ತಿರುಗಿಸಿದಳು. ರೊಟ್ಟಿ ಬಡಿಯುವಾಗ ತಿರುಗುವುದು ರೊಟ್ಟಿಯಲ್ಲವೇ? ಅಷ್ಟು ವರ್ಷ ರೊಟ್ಟಿ ಬಡಿದ ಕೈ, ಕಾಗದ ಕಂಡರೂ ತಿರುಗಿಸುತ್ತದೆ!

ಮಾಸ್ತರರಿಗೆ ತಾವೆಲ್ಲಿದ್ದೇವೆ ಎಂಬುದೇ ಮರೆತುಹೋಯಿತು. "ಏಯ್! ಹಾಳಿ ತಿರುಗಸಬ್ಯಾಡ! ಕೈ ತಿರುಗಸು!"

ಮಾಸ್ತರರು ನಾಲಿಗೆ ಕಚ್ಚಿಕೊಂಡರು. ತಾಯಿಯ ವಯಸ್ಸಿನ ಹೆಣ್ಣುಮಗಳಿಗೆ, ಅವಳದೇ ಮನೆಯಲ್ಲಿ, ಏಕವಚನ! ನಾನು ಮಾಸ್ತರರಿಗಿಟ್ಟ ಚಹಾದ ಕಪ್ಪನ್ನು ಅತ್ತೆಯ ಕೈಗೆ ಸಿಗದಂತೆ ದೂರ ಸರಿಸಿಟ್ಟೆ.

ಅತ್ತೆ ಮಾತ್ರ ಬೆನ್ನು ನೆಟ್ಟಗೆ ಮಾಡಿ, ಒಂದನೇ ಕ್ಲಾಸಿನ ಹುಡುಗಿಯ ಹಾಗೆ, "ಹೂಂ ರೀ, ಸರ" ಅಂದಳು.

ಹಾಳೆ ತಿರುಗಿಸದೆ ತೆಗೆದ ದುಂಡು ಮಾವಿನಕಾಯಿಯ ಹಾಗೆ ಬಂತು. ಮಾಸ್ತರರು ನನ್ನ ಕಿಸೆಯ ಕೆಂಪು ಪೆನ್ನು ಕಿತ್ತುಕೊಂಡರು. ಇಲ್ಲಿ ಒಳಗೆ ಹೋಗಿದೆ ಎಂದು ಒಂದು ಗೆರೆ, ಇಲ್ಲಿ ಹೊಟ್ಟೆ ಬಂದಿದೆ ಎಂದು ಇನ್ನೊಂದು, ಭುಜದಿಂದ ಕೈ ಆಡಿಸಬೇಕೆಂದು ಮತ್ತೊಂದು. ಕೆಳಗೆ ಏನೋ ಬರೆದು, ಚಹಾ ಮರೆತು ಹೊರಟೇಬಿಟ್ಟರು.

ಅತ್ತೆ ಹಾಳೆಯನ್ನು ನನ್ನ ಮುಂದೆ ಹಿಡಿದಳು. "ಏನ್ ಬರದಾರ? ಓದು."

"ಮತ್ತೊಮ್ಮೆ ತೆಗೆಯಿರಿ, ಅಂತ ಬರದಾರ."

ಅತ್ತೆ ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು.

"ಸೊಟ್ಟಾದ್ರ, ಬಿಡು, ನಿನ್ನ ಕೈಲೆ ಆಗಂಗಿಲ್ಲ ಅಂತಿದ್ರು. ನೆಟ್ಟಗಾದ್ರ, ಬಿಡು, ಚಲೋ ಐತಿ ಅಂತಿದ್ರು. ಎರಡಕ್ಕೂ ಬಿಡು ಅನ್ನೂದ. ಮತ್ತೊಮ್ಮೆ ಮಾಡು ಅಂತ ನನಗ ಯಾರೂ ಅಂದಿದ್ದಿಲ್ಲೋ ತಮ್ಮಾ."

ಅತ್ತೆ ಹೊಸ ಹಾಳೆ ಹಾಸಿ ಪೆನ್ಸಿಲು ಊರಿದಳು. ಎಡಗೈ ಹಳೆಯ ರೂಢಿಯಂತೆ ಹಾಳೆಯ ಕಡೆ ಹೋಗುತ್ತಿತ್ತು. ಅಷ್ಟರಲ್ಲಿ ನಾನು ಪಕ್ಕಕ್ಕೆ ಕುಳಿತು, ಅದು ಅಲುಗದಂತೆ ಮೂಲೆ ಒತ್ತಿ ಹಿಡಿದೆ, ಅವಳು ನನ್ನ ಪಾಟಿ ಹಿಡಿಯುತ್ತಿದ್ದ ಹಾಗೆ.

"ಗಟ್ಟಿ ಹಿಡಿ," ಅಂದಳು ಅತ್ತೆ. "ತಿರುಗಿದ್ರ ಸರ ಬೈತಾರ."