ಮಾಸ್ತರರ ಕಪಾಟಿನ ಉಡ, ಎಲೆ ಮತ್ತು ನಂಬರ್ ೨೧೪

ಹಳೆ ಕಾಗದ ಜೋಡಿಸುವ ಕೆಲಸದಲ್ಲಿ ನಗುವಂಥದ್ದು ಏನಿರುತ್ತದೆ ಎಂದು ನೀವು ಕೇಳಬಹುದು. ಸೇರುವ ಮುಂಚೆ ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನಮ್ಮಲ್ಲಿ ವಾರಕ್ಕೊಮ್ಮೆಯಾದರೂ ಏನಾದರೊಂದು ನಡೆಯುತ್ತದೆ. ಮನೆಗೆ ಬಂದು ಹೇಳತೊಡಗಿದರೆ ನಮ್ಮವ್ವ, "ಎಲ್ಲೆರ ಬರದಿಡು. ನಿನ್ನ ಮಾತ ಕೇಳಕೊಂತ ಕುಂತು ಎರಡ ರೊಟ್ಟಿ ಹೊತ್ತಿದುವು" ಎನ್ನುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ವಿವರ ಕೊಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹುನಗುಂದದಲ್ಲಿ ಒಬ್ಬ ಶಾಲಾ ಮಾಸ್ತರರಿದ್ದರು. ಈಗಿಲ್ಲ. ಏಕೀಕರಣದ ಕಾಲದಲ್ಲಿ ಊರೂರು ತಿರುಗಿ ಸಭೆ ಮಾಡಿಸಿದವರು. ಹೋದ ಹಾದಿಯಲ್ಲಿ ಗಿಡ, ಹುಳ, ಕಲ್ಲು ಏನು ಕಂಡರೂ ಚೀಲಕ್ಕೆ ಹಾಕಿಕೊಂಡು ಬಂದವರೂ ಅವರೇ. ಒಂದೇ ವಹಿಯಲ್ಲಿ ಮುಂದಿನಿಂದ ಸಭೆಯ ನಡಾವಳಿ ಬರೆದಿದ್ದಾರೆ, ಹಿಂದಿನಿಂದ ಮಳೆ, ಹಕ್ಕಿ, ಹುಳಗಳ ಟಿಪ್ಪಣಿ. ನಡುವಿನಲ್ಲಿ ಎರಡೂ ಕೂಡುವ ಕಡೆ ಕೆಲವು ಪುಟಗಳಲ್ಲಿ ಯಾರು ಭಾಷಣ ಮಾಡಿದರು, ಯಾವುದು ಕೂಗಿತು ಎಂದು ಬೇರ್ಪಡಿಸುವುದೇ ಕಷ್ಟ.

ಆ ಸಂಗ್ರಹ ಈಗ ಅವರ ಮನೆಯ ಎರಡು ಖೋಲಿಗಳಲ್ಲಿದೆ. ಊರಿನ ಒಂದು ಸಣ್ಣ ಸಂಘ ಅದನ್ನು ನೋಡಿಕೊಳ್ಳುತ್ತದೆ. ಕೆಲಸಕ್ಕೆ ನಾವಿಬ್ಬರೇ. ಇತಿಹಾಸದಲ್ಲಿ ಎಂ.ಎ. ಮಾಡಿ ಬಾಗಲಕೋಟೆಯಿಂದ ದಿನಾ ಬಸ್ಸಿನಲ್ಲಿ ಬರುವ ನಾನು ಸಾಮಾನುಗಳ ಯಾದಿ, ಎಂದರೆ ಪಟ್ಟಿ, ಬರೆಯುತ್ತೇನೆ. ಇದೇ ಊರಿನ ಇನ್ನೊಬ್ಬರು, ನಾನು ಅಕ್ಕ ಎಂದು ಕರೆಯುವವರು, ಚಾವಿ ಇಟ್ಟುಕೊಳ್ಳುತ್ತಾರೆ, ಕಸ ಹೊಡೆಯುತ್ತಾರೆ, ಚಹಾ ಮಾಡುತ್ತಾರೆ. ಅವರದು ಬೀರಪ್ಪನ ಒಕ್ಕಲಿನ ಮನೆತನ, ಮನೆಯಲ್ಲಿ ಇಂದಿಗೂ ಕುರಿಗಳಿವೆ. ಕುರಿಯ ವಿಷಯ ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ.

೧. ಎಲ್ಲರೂ ಎದ್ದು ನಿಂತರು

ಇಳಕಲ್ಲಿನ ಒಬ್ಬ ಸಂಶೋಧನಾ ವಿದ್ಯಾರ್ಥಿ ಮಾಸ್ತರರ ನಡಾವಳಿ ಓದಲು ತಿಂಗಳುಗಟ್ಟಲೆ ಬಂದರು. ಒಂದು ಸಭೆಯ ಬಗ್ಗೆ ಅವರಿಗೆ ಭಾರಿ ಉತ್ಸಾಹ. ನಡಾವಳಿಯಲ್ಲಿ ಹೀಗಿತ್ತು: "ಠರಾವು ಓದುತ್ತಿರುವಾಗ ಸದಸ್ಯರೆಲ್ಲ ಎದ್ದು ನಿಂತರು. ಸಭೆಯನ್ನು ಅರ್ಧ ತಾಸು ನಿಲ್ಲಿಸಲಾಯಿತು." ಠರಾವು ಎಂದರೆ ನಿರ್ಣಯ, ನಮ್ಮ ಕಡೆ ಹಾಗೇ ಅನ್ನುತ್ತಾರೆ.

ಈ ಎರಡು ಸಾಲಿನ ಮೇಲೆ ಅವರು ಇಡೀ ಒಂದು ಅಧ್ಯಾಯ ಬರೆದಿದ್ದರು. ಸಂಘಟನೆಯೊಳಗೆ ಆಳವಾದ ಬಿರುಕಿತ್ತು, ಎದ್ದು ನಿಂತದ್ದು ಪ್ರತಿಭಟನೆ, ಅರ್ಧ ತಾಸಿನಲ್ಲಿ ಗುಪ್ತ ಸಂಧಾನ ನಡೆಯಿತು ಎಂದೆಲ್ಲ. ನನಗೆ ಅದನ್ನು ಎದ್ದು ನಿಂತೇ ಓದಿ ಹೇಳಿದರು. ನನಗೂ ಮೈ ಝುಮ್ಮೆಂದಿತು.

ಅದೇ ಖುಷಿಯಲ್ಲಿ ನಾನು ವಹಿಯನ್ನು ತಿರುಗಿಸಿ ಹಿಂದಿನಿಂದ ಅದೇ ದಿನದ ಟಿಪ್ಪಣಿ ಹುಡುಕಿದೆ. ಮಾಸ್ತರರು ದುಂಡಗೆ ಬರೆದಿದ್ದರು: "ಸಭೆಯ ನಡುವೆ ಉಡ ಬಂತು. ಸುಮಾರು ಎರಡು ಮೊಳ. ಎಲ್ಲರೂ ಬೆಂಚು ಹತ್ತಿದರು. ಅರ್ಧ ತಾಸು ಗಮನಿಸಿದೆ. ನಾಲಿಗೆ ನೀಲಿ."

ವಿದ್ಯಾರ್ಥಿ ಅದನ್ನು ಮೂರು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಕೊನೆಗೆ ಸಣ್ಣ ದನಿಯಲ್ಲಿ ಕೇಳಿದರು: "ಮೇಡಂ, ಆ ಉಡ ಯಾವ ಬಣದ್ದು ಅಂತ ಏನರೆ ಬರದಾರೇನ್ರಿ?"

೨. ಎಲೆಯ ಕೆಳಗಿನ ಭಾಷಣ

ಗಿಡದ ನಮೂನೆ ಒಣಗಿಸುವ ರೀತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಸಿ ಟೊಂಗೆಯನ್ನು ಹಳೆ ಪತ್ರಿಕೆಯ ಹಾಳೆಗಳ ನಡುವೆ ಹರಡಿ ಮೇಲೆ ಭಾರ ಇಡುತ್ತಾರೆ. ಮಾಸ್ತರರ ಬಳಿ ಇದ್ದದ್ದು ಚಳವಳಿಯ ಪತ್ರಿಕೆಗಳು. ಹಾಗಾಗಿ ಬನಶಂಕರಿ ಹೊಂಡದ ಜೊಂಡು ಒಂದು ಸಂಪಾದಕೀಯದ ಮೇಲೆ, ಪಟ್ಟದಕಲ್ಲಿನ ಹೊಳೆದಂಡೆಯ ಬಳ್ಳಿ ಒಂದು ಭಾಷಣದ ಮೇಲೆ ಅಂಟಿಕೊಂಡು ಕೂತಿವೆ.

ಒಂದು ದಿನ ಬಾದಾಮಿಯಿಂದ ಸಸ್ಯಶಾಸ್ತ್ರದ ಮೇಡಂ ಬಂದರು, ಬಾಗಲಕೋಟೆಯಿಂದ ಇತಿಹಾಸದ ಸರ್ ಬಂದರು. ಇಬ್ಬರೂ ಕಾಲೇಜಿನಲ್ಲಿ ಪಾಠ ಹೇಳುವವರು. ಇಬ್ಬರೂ ಆ ಬಳ್ಳಿ ಅಂಟಿದ ಭಾಷಣದ ಹಾಳೆಯನ್ನೇ ಕೇಳಿದರು. ಇರುವುದು ಒಂದೇ ಟೇಬಲ್ಲು, ನಾನು ಹಾಳೆಯನ್ನು ನಡುವೆ ಇಟ್ಟೆ.

ಸರ್ ಬಗ್ಗಿ ಓದುತ್ತಾ ಓದುತ್ತಾ ಎಲೆಯ ಹತ್ತಿರ ಬಂದು ನಿಂತರು.

"ಮೇಡಂ, ನಿಮ್ಮ ಎಲಿ ಸ್ವಲ್ಪ ಎಬ್ಬಸ್ರಿ. ಭಾಷಣ ಅರ್ಧಕ್ಕ ನಿಂತೈತಿ."

"ಎಬ್ಬಿಸಿದ್ರ ಮುರೀತೈತ್ರಿ. ಈ ಗಿಡ ಈಗ ಆ ದಂಡಿ ಮ್ಯಾಲ ಒಂದೂ ಇಲ್ಲ."

"ಈ ಭಾಷಣನೂ ಮತ್ತೆಲ್ಲೂ ಇಲ್ರಿ!"

"ಭಾಷಣ ಮಾಡಾವ್ರು ಇವತ್ತೂ ಭಾಳ ಮಂದಿ ಅದಾರ್ರಿ ಸರ್. ಗಿಡ ಇಲ್ಲ."

ಸರ್ ಮುಖ ಕೆಂಪಾಯಿತು. ಅಷ್ಟರಲ್ಲಿ ಅಕ್ಕ ಚಹಾ ತಂದು ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದು, "ಹಿಂದಿನಿಂದ ನೋಡ್ರಿ, ಅಕ್ಷರ ಕಾಣ್ತಾವು. ಆದ್ರ ಉಲ್ಟಾ ಅದಾವು" ಎಂದರು. ಆ ಮಧ್ಯಾಹ್ನ ಪೂರ್ತಿ ಸರ್ ನಮ್ಮ ಮಾಸ್ತರರ ಮನೆಯ ಗೋಡೆಗನ್ನಡಿ ಹಿಡಿದುಕೊಂಡು ಒಂದು ಕ್ರಾಂತಿಕಾರಿ ಭಾಷಣವನ್ನು ಓದಿದರು. ಹಾದಿಯಲ್ಲಿ ಹೋಗುವವರು ಕಿಟಕಿಯಿಂದ ಇಣುಕಿ, "ಸರ್ ಭಾಳ ಶೃಂಗಾರ ಮಾಡ್ಕೊಳ್ಳಾಕತ್ತಾರಲ್ಲ, ಎಲ್ಲಿ ಮದವಿರಿ?" ಎಂದು ಕೇಳಿ ಹೋದರು.

೩. ಅಕ್ಕನ ವಿಂಗಡಣೆ

ನಕ್ಕು ಬಿಟ್ಟಿದ್ದರೆ ಆಗಿತ್ತು, ಆದರೆ ಆ ಜಗಳ ದೊಡ್ಡದಾಯಿತು. ಇಬ್ಬರೂ ಸಂಘಕ್ಕೆ ಪತ್ರ ಬರೆದರು. ಕಾಗದಗಳನ್ನು ತಮ್ಮ ಕಾಲೇಜಿಗೆ ಕೊಡಿ ಎಂದು ಸರ್, ಗಿಡ-ಕಲ್ಲುಗಳನ್ನೂ ನಿಸರ್ಗದ ಟಿಪ್ಪಣಿಗಳನ್ನೂ ತಮ್ಮ ಕಾಲೇಜಿಗೆ ಕೊಡಿ ಎಂದು ಮೇಡಂ. ಸಂಘದವರು ಯೋಚಿಸಿ, ತೀರ್ಮಾನಕ್ಕೆ ಒಂದು ಕಮಿಟಿ ಮಾಡಿದರು. ಕಮಿಟಿಯಲ್ಲಿ ಇಬ್ಬರೇ ಸದಸ್ಯರು: ಆ ಸರ್ ಮತ್ತು ಆ ಮೇಡಂ!

ಹಂಚಿಕೊಂಡು ಹೋದರೆ ಎರಡು ಖೋಲಿಯೂ ಖಾಲಿ. ಅಕ್ಕನೂ ನಾನೂ ಮನೆಗೆ. ಅದಕ್ಕಿಂತ ಹೆಚ್ಚು ಸಂಕಟ ನನಗೆ ಇನ್ನೊಂದಿತ್ತು. ವಹಿಯನ್ನು ನಡುವೆ ಹರಿದು ಮುಂದಿನ ನಡಾವಳಿ ಒಂದು ಊರಿಗೆ, ಹಿಂದಿನ ನೀಲಿ ನಾಲಿಗೆಯ ಉಡ ಇನ್ನೊಂದು ಊರಿಗೆ ಹೋದರೆ ಆ ಸಭೆಯಲ್ಲಿ ಜನ ಯಾಕೆ ಎದ್ದು ನಿಂತರು ಎಂದು ಮುಂದೆ ಯಾರಿಗೂ ಗೊತ್ತಾಗುವುದಿಲ್ಲ.

ಆದರೆ ಆಜ್ಞೆ ಆಜ್ಞೆಯೇ. ಕಮಿಟಿ ಬರುವುದರೊಳಗೆ ಎರಡು ಗುಂಪು ಮಾಡಿಡಬೇಕಿತ್ತು. ಕಟ್ಟುಗಳಿಗೆ ಕೆಂಪು ಬಟ್ಟೆ ತರಲು ನಾನು ಇಳಕಲ್ಲಿಗೆ ಹೋಗಬೇಕಾಯಿತು. ಹೋಗುವ ಮುಂಚೆ ಅಕ್ಕನಿಗೆ ರಾಜಕೀಯ ಎಂದರೇನು, ವಿಜ್ಞಾನ ಎಂದರೇನು ಎಂದು ಅರ್ಧ ತಾಸು ವಿವರಿಸಿದೆ. "ಎರಡ ಗುಂಪ ಹೌದಿಲ್ಲೋ? ನೀ ಹೋಗ ತಂಗಿ, ನಾ ಮಾಡ್ತೇನಿ" ಎಂದರು.

ಸಂಜೆ ಬಂದು ನೋಡಿದರೆ ಒಂದು ಗುಂಪು ತೊಲೆ ಮುಟ್ಟುವಷ್ಟು ಎತ್ತರ. ಇನ್ನೊಂದು ಮೂಲೆಯಲ್ಲಿ ಒಂದು ಬುಟ್ಟಿ ಕಲ್ಲು.

"ಅಕ್ಕಾ, ಇದೇನ್ರಿ?"

"ಇವು ಕುರಿ ತಿನ್ನುವು. ಅವು ಕುರಿ ತಿನ್ನಂಗಿಲ್ಲ."

"ಅಯ್ಯೋ, ಠರಾವಿನ ಕಾಗದ, ಪತ್ರಿಕಿ ಎಲ್ಲಾ ಇದರಾಗ ಅದಾವಲ್ರಿ!"

"ಮತ್ತ? ಕಾಗದ ಸಿಕ್ರ ಕುರಿ ಬಿಡ್ತಾವೇನ? ಹ್ವಾದ ಇಲೆಕ್ಷನ್ನಿನ್ಯಾಗ ನಮ್ಮನಿವು ಎರಡೂ ಕಡೆಯವರ ಪೋಸ್ಟರ್ ತಿಂದು ನೀರ ಕುಡದುವು. ಒಂದಕ್ಕೂ ಹೊಟ್ಟಿ ಕೆಡಲಿಲ್ಲ!"

೪. ನಂಬರ್ ೨೧೪

ಆ ಕಲ್ಲಿನ ಬುಟ್ಟಿಯಲ್ಲೇ ನನ್ನ ಅದೃಷ್ಟ ಸಿಕ್ಕಿತು. ಒಂದು ಹಾಳೆಯಲ್ಲಿ ಸುತ್ತಿದ ಕರಿ ಗಡ್ಡೆ, ಹಿಡಿಯಷ್ಟು. ಹಾಳೆಯ ಮೇಲೆ ಮಾಸ್ತರರ ಅಕ್ಷರ: "ಅಮೀನಗಡ. ಸಭೆಯ ದಿನ." ಬೇರೇನೂ ಇಲ್ಲ. ತೊಳೆಯಲು ಹೆದರಿ ಬ್ರಷ್ಷಿನಿಂದ ಧೂಳು ತೆಗೆದೆ. ಒಳಗೆ ಬೀಜದ ಚೂರುಗಳು ಹುದುಗಿದ್ದವು! ಬೀಜ ಇರುವ ಕಲ್ಲು! ಯಾದಿಯಲ್ಲಿ ಬರೆದೆ: "ನಂ. ೨೧೪. ಬೀಜಗಳ ಪಳೆಯುಳಿಕೆ ಇರುವ ಕಲ್ಲು. ಅತ್ಯಂತ ಅಪರೂಪ."

ಕಮಿಟಿ ಬಂದ ದಿನ ಅದನ್ನು ಟೇಬಲ್ಲಿನ ನಡುವೆ ಇಟ್ಟೆ. ನಮ್ಮಲ್ಲಿ ಗಾಜಿನ ತಟ್ಟೆ ಇಲ್ಲ, ಅಕ್ಕನ ಸ್ಟೀಲ್ ತಾಟನ್ನೇ ಇಟ್ಟಿದ್ದೆ. ಈ ತಾಟಿನ ವಿಷಯವನ್ನು ಬೇಕೆಂದೇ ಹೇಳುತ್ತಿದ್ದೇನೆ.

ಮಿಕ್ಕ ಸಾಮಾನುಗಳನ್ನು ಇಬ್ಬರೂ ಬೇಗ ಬೇಗ ಹಂಚಿಕೊಂಡರು. ನನಗೆ ಅಳು ಬರುವಂತಿತ್ತು. ಕೊನೆಗೆ ೨೧೪ಕ್ಕೆ ಬಂದು ನಿಂತರು.

"ಕಲ್ಲು ಅಂದಮ್ಯಾಲ ನಂದ್ರಿ" ಎಂದರು ಮೇಡಂ.

"ಸಭೆಯ ದಿನ ಅಂತ ಬರದೈತಿ. ಸಭೆ ರಾಜಕೀಯದ್ದು. ಹಾಳಿನೂ ನಂದು, ಒಳಗಿಂದೂ ನಂದು" ಎಂದರು ಸರ್.

ಅಷ್ಟರಲ್ಲಿ ಅಕ್ಕ ಚಹಾ ತಂದರು, ಜೊತೆಗೆ ನಾನು ಬೆಳಿಗ್ಗೆ ಬಸ್ಸು ನಿಂತಾಗ ಅಮೀನಗಡದಲ್ಲಿ ಕೊಂಡಿದ್ದ, ಆ ಊರಿನ ಹೆಸರಾಂತ ಸಿಹಿ ಕರದಂಟು. ಅದೂ ಸ್ಟೀಲ್ ತಾಟಿನಲ್ಲಿ. ಟೇಬಲ್ಲಿನ ಮೇಲೆ ಜಾಗ ಮಾಡಲು ಎರಡೂ ತಾಟು ಅತ್ತಿತ್ತ ಸರಿಸಿದರು. ಸರ್ ಮೇಡಂರ ಮುಖದಿಂದ ಕಣ್ಣು ತೆಗೆಯದೆ ವಾದ ಮಾಡುತ್ತಲೇ ಕೈ ಚಾಚಿದರು, ಬಾಯಿಗೆ ಹಾಕಿದರು.

ಕಟಕ್!

"ಅಕ್ಕಾರ, ಕರದಂಟು ಭಾಳ ಹಳೇದೈತ್ರಿ" ಎಂದರು.

ಮೇಡಂ ಚೀರಿದರು: "ಸರ್! ಅದು ಎರಡನೂರಾ ಹದಿನಾಲ್ಕು!"

ಸರ್ ಗಾಬರಿಯಾಗಿ ಉಗುಳಲು ಹೋದವರು ತಡೆದರು. ಮೆಲ್ಲಗೆ ಅಗಿದರು. "ತಡೀರಿ. ಬೆಲ್ಲ ಐತಿ. ಉತ್ತತ್ತಿ ಐತಿ. ಇದು ಖರೇನ ಕರದಂಟ್ರಿ! ಸಭಾದಾಗ ಹಂಚಿದ್ದನ್ನ ಮಾಸ್ತರು ಚೀಲಕ್ಕ ಹಾಕ್ಕೊಂಡಾರ!"

"ಸುಳ್ಳ" ಎಂದು ಮೇಡಂ ಒಂದು ಚೂರು ಮುರಿದುಕೊಂಡು ನಾಲಿಗೆಗೆ ಹಚ್ಚಿದರು. ಕಣ್ಣು ಮುಚ್ಚಿದರು. "ಹೌದ್ರಿ. ಅಂಟು ಐತಿ. ಗಿಡದ ಅಂಟು. ಅಂದ್ರ ಇದು ಸಸ್ಯಶಾಸ್ತ್ರ." ಖಾತ್ರಿಗಾಗಿ ಇನ್ನೊಂದು ಚೂರು ತಿಂದರು.

ಹುಟ್ಟಿದಾಗಿನಿಂದ ಕರದಂಟು ತಿಂದವಳು ನಾನು. ಪಳೆಯುಳಿಕೆ ಎಂದು ಬರೆದಿದ್ದೆ. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅಕ್ಕ ಮಾತ್ರ ಶಾಂತವಾಗಿ, "ಕುರಿ ತಿನ್ನಂಗಿಲ್ಲ ಅಂತ ಆ ಗುಂಪಿಗೆ ಹಾಕಿದ್ದೆ. ಸರ್ ತಿಂತಾರಂತ ನನಗೇನ ಗೊತ್ತು" ಎಂದರು.

ಆಮೇಲೆ ನಾನು ಹೆದರುತ್ತಲೇ ಹೇಳಿದೆ: "ಸರ್, ಹಂಚಿಕೊಂಡು ಹೋಗೂದಾದ್ರ ನಂಬರ್ ಪ್ರಕಾರ ಒಪ್ಪಿಸಿ ಸಹಿ ತೊಗೋಬೇಕ್ರಿ. ಎರಡನೂರಾ ಹದಿನಾಲ್ಕಕ್ಕ ಯಾರು ಸಹಿ ಮಾಡ್ತೀರಿ? ಅರ್ಧ ಎಲ್ಲಿಗೆ ಹೋತು ಅಂತ ಷರಾ ಬರೀಬೇಕಾಗ್ತೈತಿ." ಷರಾ ಎಂದರೆ ಯಾದಿಯ ಕೊನೆಯಲ್ಲಿರುವ ಟಿಪ್ಪಣಿಯ ಅಂಕಣ.

ಇಬ್ಬರೂ ಪರಸ್ಪರ ಮುಖ ನೋಡಿಕೊಂಡರು. ಮೊದಲ ಸಲ ಅವರಿಬ್ಬರಿಗೂ ಒಂದೇ ಅಭಿಪ್ರಾಯ ಬಂತು. ಐದು ನಿಮಿಷದಲ್ಲಿ ವರದಿ ಸಿದ್ಧವಾಯಿತು: "ಈ ಸಂಗ್ರಹದಲ್ಲಿ ರಾಜಕೀಯ ಇತಿಹಾಸ ಮತ್ತು ನಿಸರ್ಗ ವಿಜ್ಞಾನ ಒಂದಕ್ಕೊಂದು ಬಿಡಿಸಲಾಗದಂತೆ ಅಂಟಿಕೊಂಡಿವೆ. ಇದ್ದಲ್ಲೇ ಇದ್ದಂತೆಯೇ ಇಡತಕ್ಕದ್ದು." ಕೆಳಗೆ ಇಬ್ಬರ ಸಹಿ.

ಅವರು ಹೋದ ಮೇಲೆ ಯಾದಿ ತೆರೆದು "ಪಳೆಯುಳಿಕೆ ಇರುವ ಕಲ್ಲು" ಎಂಬುದನ್ನು ಹೊಡೆದು "ಕರದಂಟು" ಎಂದು ತಿದ್ದಿದೆ. ಷರಾದಲ್ಲಿ ಏನು ಬರೆಯಲಿ ಎಂದು ಬಹಳ ಯೋಚಿಸಿ, "ಕಮಿಟಿಯವರು ಕೂಲಂಕಷವಾಗಿ ಪರಿಶೀಲಿಸಿದ್ದಾರೆ" ಎಂದು ಬರೆದು ಅಕ್ಕನಿಗೆ ಓದಿ ಹೇಳಿದೆ.

ಅಕ್ಕ ತಾಟಿನಲ್ಲಿ ಉಳಿದದ್ದನ್ನು ಅದೇ ಹಾಳೆಯಲ್ಲಿ ಜೋಪಾನವಾಗಿ ಸುತ್ತುತ್ತಾ ಅಂದರು: "ಪೂರಾ ಎಲ್ಲಿ ಪರಿಶೀಲಿಸಿದ್ರು ತಂಗಿ? ಇನ್ನೂ ಅರ್ಧ ಉಳದೈತಿ. ಇರಲಿ, ಮುಂದಿನ ಕಮಿಟಿಗೆ ಆಕ್ಕೈತಿ."