ಷಡಕ್ಷರಿಯ ರಕ್ತದ ತುಕ್ಕು

ಷಡಕ್ಷರಿಯ ಗ್ರಹಚಾರ ಕೆಟ್ಟದ್ದು ಆರೋಗ್ಯವಾಗಿದ್ದ ತಪ್ಪಿಗೆ. ಸರಸ್ವತಿಪುರದ ಆ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತನಾಗಿದ್ದು ಒಂದು ದಿನವೂ ಜ್ವರದ ರಜೆ ಹಾಕಿದವನಲ್ಲ. ದಿನಾ ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು, ಹಣೆ ತುಂಬಾ ವಿಭೂತಿ. ಅಲ್ಲಿನ ಲ್ಯಾಬಿನಲ್ಲಿ ಸಕ್ಕರೆ ಕಾಯಿಲೆಯವರ ರಕ್ತದ ಮೇಲೆ ಸಂಶೋಧನೆ ಮಾಡುತ್ತಿದ್ದ ಮಂಜುಶ್ರೀ, ದಸರಾ ರಜೆಗೆ ಮುಂಚೆ, ಹೋಲಿಸಿ ನೋಡಲು ಹನ್ನೆರಡು ಗಟ್ಟಿಮುಟ್ಟಾದ ಜನ ಬೇಕು ಅಂದಾಗ, "ನನ್ನದು ತಗೊಳಮ್ಮ, ಬಂಗಾರದಂಥ ರಕ್ತ" ಎಂದು ತಾನಾಗಿಯೇ ತೋಳು ಚಾಚಿದ್ದ. ಬೇಕಿತ್ತೇ ಇವನಿಗೆ?

ದಸರಾ ರಜೆ ಮುಗಿದ ಸೋಮವಾರ ಅವಳು ಅವನನ್ನು ಲ್ಯಾಬಿಗೆ ಕರೆಸಿದಳು. ಕಿಟಕಿಗಳಿಗೆಲ್ಲ ಕಪ್ಪು ಪರದೆ. ಆ ಪರೀಕ್ಷೆ ಕತ್ತಲಲ್ಲೇ ಆಗಬೇಕಂತೆ.

"ಕೂತ್ಕೊಳಿ ಸರ್. ನಿದ್ದೆ ಸರಿಯಾಗಿ ಬರುತ್ತಾ?"

"ಯಾಕಮ್ಮ?"

ಅವಳು ಆ ಹನ್ನೆರಡು ಜನರ ಟ್ಯೂಬುಗಳ ಸಾಲನ್ನು ಸಣ್ಣ ದೀಪದ ಹತ್ತಿರ ಹಿಡಿದಳು. ಹನ್ನೊಂದರಲ್ಲಿ ತೆಳು ಹಳದಿ. ಹನ್ನೆರಡನೆಯದು ಅರಿಶಿನ ಕದಡಿದ ಹಾಗಿತ್ತು.

"ಕಬ್ಬಿಣಕ್ಕೆ ತುಕ್ಕು ಹಿಡಿಯೋ ಹಾಗೆ ನಮ್ಮ ರಕ್ತದ ಪ್ರೋಟೀನಿಗೂ ಹಿಡಿಯುತ್ತೆ ಸರ್. ಈ ಔಷಧಿ ಹಾಕಿದಾಗ, ತುಕ್ಕು ಜಾಸ್ತಿ ಇದ್ದಷ್ಟೂ ಹಳದಿ ಜಾಸ್ತಿ. ಒಳಗೆ ಏನೋ ಕೆಡ್ತಾ ಇದೆ ಅನ್ನೋದಕ್ಕೆ ಗುರುತು."

"ಹನ್ನೆರಡನೇದು ಯಾರ್ದು?"

ಅವಳು ಟ್ಯೂಬಿನ ಮೇಲಿನ ಹೆಸರಿನ ಚೀಟಿಯನ್ನು ಅವನ ಕಡೆ ತಿರುಗಿಸಿದಳು. "ನನ್ನ ಪೇಷೆಂಟ್‌ಗಳಲ್ಲೂ ಯಾರಿಗೂ ಇಷ್ಟಿಲ್ಲ ಸರ್."

"ಯಾವ ಕಾಯಿಲೆ ಅಂತೆ?"

"ಅದು ಇದರಲ್ಲಿ ಗೊತ್ತಾಗಲ್ಲ. ಏನೋ ಇದೆ, ಅಷ್ಟೇ."

ಆ 'ಏನೋ' ಷಡಕ್ಷರಿಯ ಬೆನ್ನು ಹತ್ತಿತು. ಅವನು ಮೆಟ್ಟಿಲಿಳಿದು ಬರುವಷ್ಟರಲ್ಲಿ ಸುದ್ದಿ ಆಫೀಸು ಮುಟ್ಟಿತ್ತು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಟೈಪಿಸ್ಟ್ ಪುಟ್ಟಲಿಂಗಮ್ಮ ಎದ್ದು ಅವನಿಗೆ ಫ್ಯಾನಿನ ಕೆಳಗಿನ ಕುರ್ಚಿ ಬಿಟ್ಟುಕೊಟ್ಟಳು.

"ನಮ್ಮ ದೊಡ್ಡಪ್ಪನೂ ಹಿಂಗೇ ಕಲ್ಲುಗುಂಡಿನಂಗಿದ್ರು ಕಣ್ರೀ. ಕಾಫಿ ಕುಡೀತಾ ಕುಡೀತಾನೇ ಹೋಗ್ಬುಟ್ರು."

ಷಡಕ್ಷರಿ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟ.

ಸೂಪರಿಂಟೆಂಡೆಂಟ್ ರುದ್ರಸ್ವಾಮಿ ಹತ್ತಿರ ಬಂದು ಭುಜ ಸವರಿದರು. "ಯಾವ ಕೀ ಯಾವ ಬೀರುದು ಅಂತ ಒಂದು ಚೀಟೀಲಿ ಬರೆದಿಟ್ಬುಡಿ ಷಡಕ್ಷರಿ. ಅವಸರ ಏನಿಲ್ಲ. ಊಟದೊಳಗೆ ಆದ್ರೆ ಸಾಕು."

ಬರೆಯಲು ಕೂತವನು ತಲೆಯೆತ್ತಿದ. ಬೀರುವಿನ ಗಾಜಿನಲ್ಲಿ ಕಂಡ ಮುಖ ತನ್ನದಲ್ಲ ಅನ್ನಿಸಿತು, ಹಳದಿ ಹಳದಿ. ಎದೆ ಡವಡವ ಅಂದರೂ ಭಯ, ಒಂದು ಗಳಿಗೆ ಕೇಳಿಸದಿದ್ದರೆ ಇನ್ನೂ ಭಯ. ಮಗಳು ರಕ್ಷಿತಾಗೆ ಇನ್ನೂ ಹದಿನಾರು. ಸಾಯಲು ಅವನಿಗೆ ಸುತರಾಂ ಇಷ್ಟವಿರಲಿಲ್ಲ.

ಮಧ್ಯಾಹ್ನ ಕಾರಿಡಾರಿನ ಕೊನೆಯಲ್ಲಿ ಯಾರೋ ತೋಳು ಹಿಡಿದರು. ಕಿರುಚಿಕೊಂಡು ತಿರುಗಿದರೆ ಲ್ಯಾಬಿನ ಜವಾನ ಬೆಟ್ಟಯ್ಯ.

"ಎದರ್ಕೋಬ್ಯಾಡಿ ಸಾಮಿ. ತಪ್ಪು ನಂದೇಯ. ಆಯುಧಪೂಜೆ ದಿನ ಲ್ಯಾಬಿನ ಯಂತ್ರಕ್ಕೆಲ್ಲಾ ಕುಂಕುಮ ಇಟ್ಟು ಸ್ವಿಚ್ ತೆಗೆದ್ಬುಟ್ಟೆ. ರಕ್ತ ಇಟ್ಟಿದ್ದ ಫ್ರೀಜರ್ದೂವೆ. ವರ್ಸಕ್ಕೊಂದ್ಸಲ ಅವುಕ್ಕೂ ರೆಸ್ಟ್ ಬ್ಯಾಡ್ವಾ? ಮತ್ತೆ ಹಾಕಿದ್ದು ಮೂರನೇ ದಿನಕ್ಕೆ."

"ಬೆಟ್ಟಯ್ಯ, ನೀನು ದೇವರು ಕಣಯ್ಯ!" ಷಡಕ್ಷರಿ ಅವನ ಕೈ ಹಿಡಿದು ಲ್ಯಾಬಿಗೆ ಎಳೆದುಕೊಂಡೇ ಓಡಿದ.

ವಿಷಯ ಕೇಳಿ ಮಂಜುಶ್ರೀ ತಲೆ ಮೇಲೆ ಕೈ ಹೊತ್ತಳು. "ಅಯ್ಯೋ ನಿನ್ನ ಪೂಜೆಗಿಷ್ಟು! ಫ್ರೀಜರ್ ನಿಂತು ಕೆಟ್ಟ ರಕ್ತಕ್ಕೂ ಇದೇ ತುಕ್ಕು ಹಿಡಿಯುತ್ತಲ್ಲೋ!"

"ಅದೇ ಮತ್ತೆ! ನನಗೇನೂ ಆಗಿಲ್ಲ!" ಷಡಕ್ಷರಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ.

ಮಂಜುಶ್ರೀ ನೋಟ್‌ಬುಕ್ ತಿರುವುತ್ತಿದ್ದವಳು ಒಂದು ಪುಟದಲ್ಲಿ ನಿಂತಳು.

"ಸರ್, ಆ ಫ್ರೀಜರ್‌ನಲ್ಲಿ ಹನ್ನೊಂದಕ್ಕೇ ಜಾಗ ಇದ್ದಿದ್ದು. ನೀವು ಕೊನೇಲಿ ಕೊಟ್ರಿ. ನಿಮ್ಮದೊಂದನ್ನ ಪಕ್ಕದ ಡಿಪಾರ್ಟ್‌ಮೆಂಟಲ್ಲಿ ಇಟ್ಟಿದ್ದೆ. ಅವರು ಪೂಜೇನೇ ಮಾಡಲ್ಲ. ಅವರ ಫ್ರೀಜರ್ ಒಂದು ನಿಮಿಷಾನೂ ನಿಂತಿಲ್ಲ."

ಷಡಕ್ಷರಿ ಟ್ಯೂಬುಗಳ ಸಾಲಿನ ಕಡೆ ಬೆರಳು ತೋರಿಸಿದ.

"ಅಂದ್ರೆ, ಎರಡು ದಿನ ಕೆಟ್ಟು ಕೂತಿದ್ದ ಆ ಹನ್ನೊಂದು..."

"ನಿಮ್ಮದಕ್ಕಿಂತ ವಾಸಿ ಸರ್."

ಬೆಟ್ಟಯ್ಯ ಮೆಲ್ಲಗೆ ತನ್ನ ಕೈ ಬಿಡಿಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ.

"ಇನ್ನೊಂದು ಸಲ ನೋಡಿಬಿಡೋಣ ಸರ್," ಅಂದಳು ಮಂಜುಶ್ರೀ. "ನಾಳೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಬನ್ನಿ." ಅವನ ಮುಖವನ್ನು ಒಂದು ಗಳಿಗೆ ನೋಡಿ, ಸೂಜಿಯ ಡಬ್ಬಿ ತೆರೆದಳು. "ನಾಳೆ ಯಾಕೆ, ಈಗ್ಲೇ ಕೊಟ್ಬುಡಿ."